ಇಳಾ ಒಪ್ಪಿಸಿದ ಪಾಠ

ವಿರೂಪಾಕ್ಷನಿಗೆ ಅನುಮಾನ ಹುಟ್ಟಿದ್ದು ಆ ಮಗು ಶ್ಲೋಕವನ್ನು ತಪ್ಪಿಲ್ಲದೆ ಹೇಳಿದ ದಿನ.

ಹೊಳೆದಂಡೆಯ ಆಶ್ರಮದಲ್ಲಿ ಮಕ್ಕಳಿಗೆ ಬಾಯಿಪಾಠ ಹೇಳಿಕೊಡುವ ಕೆಲಸ ಅವನದು. ಅವನು ಒಮ್ಮೆ ಹೇಳಬೇಕು, ಮಕ್ಕಳು ಕೈಮುಗಿದು ಅದೇ ದನಿಯಲ್ಲಿ ಎರಡು ಸಲ ಹೇಳಬೇಕು. ತಲೆತಲಾಂತರದಿಂದ ಬಂದ ಕ್ರಮ.

ಇಳಾ ಆರು ವರ್ಷದವಳು. ಅಡುಗೆಮನೆಯ ಅಂಬುಜಮ್ಮ ಕಡಲಾಚೆಯ ದೇಶದಲ್ಲಿದ್ದಾಗ ದತ್ತು ತೆಗೆದುಕೊಂಡ ಮಗು. ಇಲ್ಲಿಗೆ ಬಂದು ಎಂಟು ತಿಂಗಳಾಗಿತ್ತು. "ಊಟ ಆಯ್ತಾ ಮಗೂ?" ಎಂದರೆ ಪಿಳಿಪಿಳಿ ನೋಡುತ್ತಿದ್ದಳು. ಶ್ಲೋಕಕ್ಕೆ ಕೂತರೆ ಒಂದಕ್ಷರ ಜಾರುತ್ತಿರಲಿಲ್ಲ.

ಇದೆಲ್ಲ ನಾಟಕ ಎಂದುಕೊಂಡ ವಿರೂಪಾಕ್ಷ.

ಒಂದು ದಿನ ಅವಳ ಬೆನ್ನ ಹಿಂದೆ ನಿಂತು, "ನಿನ್ನ ಕಾಲ ಹತ್ತಿರ ಹಾವಿದೆ" ಎಂದು ಮೆಲ್ಲಗೆ ಹೇಳಿದ. ಇಳಾ ಹೂ ಕಟ್ಟುತ್ತಲೇ ಇದ್ದಳು. ಎಂಥ ಗಟ್ಟಿ ಪಿಂಡ ಎಂದು ಅವನ ಅನುಮಾನ ಇನ್ನಷ್ಟು ಬಲಿಯಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಗುರುಗಳ ಬಳಿ ಹೋದ.

"ಗುರುಗಳೇ, ಆ ಹುಡುಗಿಗೆ ಎಲ್ಲ ಗೊತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡೀತಿದೆ."

"ಹೇಗೆ ಹೇಳ್ತೀಯ?"

"ಶ್ಲೋಕ ಅಷ್ಟು ಚೊಕ್ಕವಾಗಿ ಹೇಳೋಳಿಗೆ ಮಾತು ಬರೋದಿಲ್ವೇ?"

"ನಿನ್ನೆ ಅವಳು ಹೇಳಿದ ಶ್ಲೋಕದ ಅರ್ಥ ಏನು?"

ವಿರೂಪಾಕ್ಷ ತಲೆ ಕೆರೆದುಕೊಂಡ. ಹತ್ತು ವರ್ಷದಿಂದ ಹೇಳಿಕೊಡುತ್ತಿದ್ದ. ಅರ್ಥ ಕೇಳಿದವರು ಯಾರೂ ಇರಲಿಲ್ಲ.

"ಹಾಗಾದ್ರೆ ನೀನೂ ನನ್ನಿಂದ ಏನೋ ಮುಚ್ಚಿಡ್ತಿದ್ದೀಯ" ಎಂದು ಗುರುಗಳು ನಕ್ಕರು.

ಅವನಿಗೆ ನಾಚಿಕೆಯಾಯಿತು. ಅನುಮಾನ ಮಾತ್ರ ಹೋಗಲಿಲ್ಲ.

"ಕಪಟಿಗಳಿಗೆ ಇಲ್ಲಿ ಜಾಗ ಇಲ್ಲ ಅನ್ನೋದು ನೀವೇ ಹಾಕಿದ ಕಟ್ಟಳೆ" ಎಂದ.

"ಹೌದು. ಕಪಟ ಅಂತ ನಿನಗೆ ಖಾತ್ರಿಯಾದ ದಿನ ಬಂದು ಹೇಳು. ತಾಯಿ ಮಗಳು ಇಬ್ಬರನ್ನೂ ಕಳಿಸಿಬಿಡೋಣ."

ಬಾಗಿಲಾಚೆ ಇದ್ದ ಅಂಬುಜಮ್ಮನ ಕಿವಿಗೆ ಅದು ಬಿತ್ತು. ಅವತ್ತಿನಿಂದ ಅವಳಿಗೆ ಅನ್ನ ಸೇರಲಿಲ್ಲ. ಹೋಗಲು ಅವಳಿಗೆ ಬೇರೆ ಮನೆಯಿರಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಒಬ್ಬ ಯಾತ್ರಿಕ ಬಂದ. ಇಳಾ ಹುಟ್ಟಿದ ದೇಶದವನೇ. ವಿರೂಪಾಕ್ಷ ಅವನನ್ನು ನೇರವಾಗಿ ಗುರುಗಳ ಮುಂದೆ ಕರೆತಂದ, ತಾಯಿ ಮಗಳನ್ನೂ ಕರೆಸಿದ. ತನ್ನ ಭಾಷೆ ಕೇಳಿದರೆ ಹುಡುಗಿ ಬಾಯಿ ಬಿಡಲೇಬೇಕು, ಒಳಗಿನ ಗುಟ್ಟು ಹೊರಗೆ ಬರಲೇಬೇಕು ಎಂಬುದು ಅವನ ಲೆಕ್ಕಾಚಾರ.

ಯಾತ್ರಿಕ ಮಂಡಿಯೂರಿ ಕೂತು, ಅವಳ ತಾಯ್ನುಡಿಯಲ್ಲಿ ಅಕ್ಕರೆಯಿಂದ ಏನೋ ಕೇಳಿದ.

ಇಳಾ ಪಿಳಿಪಿಳಿ ನೋಡಿದಳು. ಅವನು ಇನ್ನೊಮ್ಮೆ ಕೇಳಿದ. ಅದೇ ನೋಟ.

ಅಂಬುಜಮ್ಮನ ಕಣ್ಣು ತುಂಬಿತು. "ಬಂದ ಹೊಸದರಲ್ಲಿ ಆ ಭಾಷೆಯಲ್ಲೇ ಅಮ್ಮಾ ಅಂತ ಅಳ್ತಿತ್ತು, ಗುರುಗಳೇ. ಅದೂ ಮರೆತುಹೋಯ್ತೇ ನನ್ನ ಕೂಸಿಗೆ?"

"ಎಂಟು ತಿಂಗಳಲ್ಲಿ ತಾಯ್ನುಡಿ ಮರೆಯೋದುಂಟೇ?" ವಿರೂಪಾಕ್ಷ ಎದ್ದು ನಿಂತ. "ಅದೂ ಬರೋದಿಲ್ಲ, ಇದೂ ಬರೋದಿಲ್ಲ ಅಂದರೆ ಯಾರು ನಂಬ್ತಾರೆ? ನನಗೆ ಖಾತ್ರಿಯಾಯ್ತು ಗುರುಗಳೇ."

ಮಗುವಿನ ಕಡೆ ಬೆರಳು ತೋರಿಸಿ ಕೂಗಿದ.

"ಕಳ್ಳಿ!"

ಪಾಠ ಹೇಳುವವನ ದನಿ ಕೇಳಿದ್ದೇ ಇಳಾ ನೆಟ್ಟಗೆ ಕೂತಳು. ಅಷ್ಟು ಜನರ ನಡುವೆ ತನಗೆ ಗೊತ್ತಿರುವ ಕೆಲಸವೊಂದು ಕೊನೆಗೂ ಸಿಕ್ಕಿತೆಂದು ಅವಳ ಮುಖ ಅರಳಿತು. ಕೈಮುಗಿದು, ಅವನದೇ ಏರುದನಿಯಲ್ಲಿ, ಎರಡು ಸಲ ಹೇಳಿದಳು.

"ಕಳ್ಳಿ! ಕಳ್ಳಿ!"

ಶಭಾಷ್ ಅನ್ನುತ್ತಾನೇನೋ ಎಂದು ಅವನ ಮುಖವನ್ನೇ ನೋಡಿದಳು.

ವಿರೂಪಾಕ್ಷನ ಬೆರಳು ಕೆಳಗಿಳಿಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ.

ಗುರುಗಳು ಅವನಿಗೆ ಮಗುವಿನ ಎದುರಿನ ಮಣೆ ತೋರಿಸಿದರು.

"ಅವಳು ಆಡಿದ ಮೊದಲ ಕನ್ನಡ ಮಾತು ಅದು, ನೀನೇ ಕಲಿಸಿದ್ದು. ಕೂತ್ಕೋ, ಎರಡನೇ ಮಾತು ಹೇಳಿಕೊಡು."