ಗಡಿಗೆ ತಳದ ಮಸಿಬೊಟ್ಟು

ಒಂದಾನೊಂದು ಕಾಲದಲ್ಲಿ, ಕೊಡ ತಂಬಿಗೆ ಎಲ್ಲಾ ಮಣ್ಣಿಂದೇ ಇದ್ದಾಗ, ಕಣ್ಣು ಮುಚ್ಕೊಂಡು ಕೇಳು ಕಂದ, ಬೋರಯ್ಯ ಅಂತ ಒಬ್ಬ ಕುಂಬಾರ ಇದ್ದನಂತೆ. ಅವನ ಹೆಂಡ್ತಿ ಸಾಕಿ ಅನ್ನೋ ಮಗಳನ್ನ ಬಿಟ್ಟು ತೀರ್ಕೊಂಡ್ಲಂತೆ. ಆಮೇಲೆ ಅವನು ನಂಜವ್ವನ್ನ ಕೂಡಿಕೆ ಮಾಡ್ಕೊಂಡನಂತೆ. ಅವಳೂ ಗಂಡ ಸತ್ತೋಳು, ದುಗ್ಗಿ ಅನ್ನೋ ತನ್ನ ಮಗಳನ್ನ ಕರ್ಕೊಂಡೇ ಬಂದ್ಲಂತೆ.

ನಂಜವ್ವ ಕೆಟ್ಟೋಳೇನಲ್ಲ, ಹೊಟ್ಟೆಕಿಚ್ಚಿನೋಳು. ಅಪ್ಪ ತಿರುಗಿಸಿ ಕೊಟ್ಟ ಹಸಿ ಗಡಿಗೇನ ಹಲಗೇಲಿ ತಟ್ಟೋದು ಮಕ್ಕಳ ಕೆಲಸ. ಸಾಕಿ ತಟ್ಟಿದ್ದು ಗುಂಡಗೆ, ದುಗ್ಗೀದು ಸೊಟ್ಟ. ಬೋರಯ್ಯ ಹೊಗಳೋದು ಸಾಕೀನ. ಅದಾದ್ರೂ ಹೋಗ್ಲಿ, ತಾನು ಹೆತ್ತ ದುಗ್ಗೀನೇ ಅವ್ವನ ಸೆರಗು ಬಿಟ್ಟು ಅಕ್ಕನ ಹಿಂದೆ ತಿರುಗೋಳಂತೆ. ಅದನ್ನ ಕಂಡ್ರೆ ನಂಜವ್ವನಿಗೆ ತಿಂದ ಅನ್ನ ಮೈಗೆ ಹತ್ತುತಿರಲಿಲ್ಲವಂತೆ. ನಿನ್ನ ಮಗಳಿಗೆ ಕೊಬ್ಬು, ಬೈದ್ರೂ ತುಟಿ ಬಿಚ್ಚಲ್ಲ, ಅವಳ ಸೋದರಮಾವನ ಮನೆಗೆ ಅಟ್ಟು ಅಂತ ಗಂಡನ ಹತ್ರ ದಿನಾ ಒಂದೇ ರಾಗ. ಬೋರಯ್ಯ ಕೇಳಿ ಕೇಳಿ ಸಾಕಾಗಿ, ಆಯ್ತು, ಇನ್ನು ಮೂರು ಸಲ ಆವಿಗೆ ಗೂಡಲ್ಲಿ ಗಡಿಗೆ ಸುಡೋದ್ರೊಳಗೆ ಇವಳ ಒಂದು ಗಡಿಗೆ ಬಿರಿದ್ರೂ ಕಳಿಸಿಬಿಡ್ತೀನಿ ಅಂದನಂತೆ. ಬಾಯಿಗೆ ಬಂದದ್ದು ಅಂದುಬಿಟ್ಟ, ಗಂಡಸು ನೋಡು.

ಮೊದಲ್ನೇ ಸಲ ನಂಜವ್ವ ಸಾಕಿ ಗಡಿಗೆಗೆ ಅಂತ ಜರಡಿ ಹಿಡೀದ, ಹರಳು ತುಂಬಿದ ಮಣ್ಣು ತುಳಿಯೋಕೆ ಕೊಟ್ಲಂತೆ. ಸಾಕಿ ತುಳೀತಾ ತುಳೀತಾ ಕಾಲಿಗೆ ಸಿಕ್ಕ ಹರಳೆಲ್ಲ ಹೆಕ್ಕಿ ಎಸೆದ್ಲಂತೆ. ಎರಡ್ನೇ ಸಲ ಅವಳ ಹಸಿ ಗಡಿಗೇನ ಉರಿಬಿಸಿಲಿಗೆ ಇಟ್ಲಂತೆ. ಸಾಕಿ ಒದ್ದೆ ಗೋಣಿ ಹೊದಿಸಿದ್ಲಂತೆ. ಒಂದೂ ಬಿರೀಲಿಲ್ಲ.

ಆಮೇಲೆ ಮೂರನೇದು. ಆವಿಗೆ ಬಾಯಿ ಗಾಳಿಗೆ ಎದುರು, ಅಲ್ಲಿಟ್ಟದ್ದು ಉಳಿಯೋದು ಕಷ್ಟ. ಸಾಕೀದನ್ನೆಲ್ಲ ಅಲ್ಲೇ ಇಡೋಣ ಅಂದ್ರೆ, ಅಷ್ಟೊತ್ತಿಗೆ ಅಕ್ಕನ ಹತ್ರ ಕಲಿತು ದುಗ್ಗೀದೂ ಗುಂಡಗೆ ಬರ್ತಿತ್ತು, ಯಾವುದು ಯಾರದೋ ತಿಳೀತಿರಲಿಲ್ಲ. ಅದಕ್ಕೆ ನಂಜವ್ವ ಗುರುತಿಗೆ ಅಂತ ಸಾಕಿ ಗಡಿಗೆ ತಳಕ್ಕೆಲ್ಲ ಒಂದೊಂದು ಮಸಿಬೊಟ್ಟು ಇಟ್ಲಂತೆ. ಬೆಳಿಗ್ಗೆ ಜೋಡಿಸೋಕೆ ಹೋಗಿ ನೋಡ್ತಾಳೆ, ಎಲ್ಲಾ ಗಡಿಗೇಲೂ ಬೊಟ್ಟು. ಇದ್ಯಾರೇ ಇಟ್ಟಿದ್ದು ಅಂದ್ರೆ ಸಾಕಿ ಅಂದ್ಲಂತೆ:

"ನೀನು ನನ್ನವಕ್ಕೆ ಮಾತ್ರ ದೃಷ್ಟಿಬೊಟ್ಟು ಇಟ್ಟಿದ್ದೆ ಚಿಕ್ಕವ್ವ. ದುಗ್ಗಿ ನೋಡಿದ್ರೆ, ಅವ್ವನಿಗೆ ನಾನು ಬೇಡ್ವಾ ಅಂತ ಅಳ್ತಾಳೆ. ಅದಕ್ಕೆ ಅವಳವಕ್ಕೂ ನಾನೇ ಇಟ್ಟೆ."

ನಂಜವ್ವನಿಗೆ ನೆಲ ಬಾಯಿ ಬಿಡಬಾರದಾ ಅನ್ನಿಸಿತಂತೆ. ಒಳಗೆ ಹೋಗಿ, ತಾನು ದಿನಗಟ್ಟಲೆ ಕೂತು ತಟ್ಟಿದ್ದ, ಕಾಳು ತುಂಬೋ ದೊಡ್ಡ ಗುಡಾಣ ತಂದು ಆವಿಗೆ ಬಾಯಿಗಿಟ್ಲಂತೆ. ಮಕ್ಕಳವನ್ನೆಲ್ಲ ಅದರ ಹಿಂದೆ ಜೋಡಿಸಿದ್ಲಂತೆ.

ಆವಿಗೆ ತೆಗೆದಾಗ ಗುಡಾಣ ಎರಡು ಹೋಳಾಗಿತ್ತಂತೆ, ಮಿಕ್ಕಿದ್ದೆಲ್ಲ ಗಟ್ಟಿ. ಇದ್ಯಾರದು ಅಂತ ಬೋರಯ್ಯ ಕೇಳಿದನಂತೆ. ನಂಜವ್ವ ಜರಡಿ ಹಿಡೀದ ಮಣ್ಣಿಂದ ಹಿಡಿದು ಮಸಿಬೊಟ್ಟಿನವರೆಗೆ ಎಲ್ಲಾ ಒಪ್ಪಿಕೊಂಡು, ಕೊನೇಗೆ ಅಂದ್ಲಂತೆ:

"ಬಿರಿದದ್ದು ನಂದು. ಕಳಿಸೋದಾದ್ರೆ ನನ್ನನ್ನೇ ಕಳಿಸು."

ಸಾಕಿ ಓಡಿ ಬಂದು ಒಂದು ಕೈ ಹಿಡಿದ್ಲಂತೆ, ದುಗ್ಗಿ ಇನ್ನೊಂದು ಕೈ. ಬೋರಯ್ಯ ಯಾರನ್ನ ಕಳಿಸ್ತಾನೆ ಪಾಪ, ತಲೆ ಕೆರ್ಕೊಂಡು ಮಣ್ಣು ತರೋಕೆ ಹೋದನಂತೆ.

ಹೊಟ್ಟೆಕಿಚ್ಚು ಪೂರ್ತಿ ಹೋಯ್ತಾ ಅಂತೀಯಾ? ಅದೆಲ್ಲಿ ಹೋಗುತ್ತೆ. ಊರಲ್ಲಿ ಯಾರಾದ್ರೂ ಬೇರೆಯೋರ ಮಗಳನ್ನ ಹೊಗಳಿದ್ರೆ ಸಾಕು, ನನ್ನ ಇಬ್ಬರು ಮಕ್ಕಳಿಗಿಂತ ಹೆಚ್ಚೇನು ಅವಳು ಅಂತ ನಂಜವ್ವ ಸೆರಗು ಸಿಕ್ಕಿಸ್ಕೊಂಡು ಜಗಳಕ್ಕೆ ನಿಲ್ಲೋಳಂತೆ. ಕತೆ ಮುಗೀತು, ಇನ್ನು ನಿನ್ನ ನಿದ್ದೆ ಶುರುವಾಗ್ಲಿ.