ಜಪದ ಮೊದಲರ್ಧ

"ಸಿಸ್ಟರಮ್ಮ, ನಂಬಿಕೆ ಇಲ್ಲದವಳು ಜಪಕ್ಕೆ ಕೂರುವುದು ಮೋಸವಲ್ಲವೇ?" ಎಂದು ಲೂರ್ದು ಕೇಳಿದಳು.

ಲೂರ್ದು ಚರ್ಚಿನ ಹೆಂಗಸರ ಸಂಘಕ್ಕೆ ಹೊಸದಾಗಿ ಸೇರಿದವಳು. ಸಿಸ್ಟರ್ ಫ್ಲಾವಿಯಾ ಅವಳಿಗೆ ಚಿಕ್ಕಂದಿನಲ್ಲಿ ಧರ್ಮೋಪದೇಶ ಕಲಿಸಿದವರು. ಈಗ ವಯಸ್ಸಾಗಿ, ಕಾನ್ವೆಂಟಿನ ಹಿತ್ತಿಲಲ್ಲಿ ಸೊಪ್ಪು ಸೋಸುತ್ತ ಕೂರುತ್ತಿದ್ದರು.

"ಉಳಿದವರೆಲ್ಲ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಾರೆ. ನನ್ನೊಳಗೆ ಏನೂ ಆಗುವುದಿಲ್ಲ. ಬರುವ ಬುಧವಾರ ಜಪಕ್ಕೆ ನಮ್ಮ ಮನೆಯ ಸರದಿ. ಅಷ್ಟರೊಳಗೆ ಸಂಘ ಬಿಟ್ಟುಬಿಡುತ್ತೇನೆ."

"ಬಿಡುವವಳಿಗೆ ಇಷ್ಟೊಂದು ಅವಸರವೇನು? ಮೊದಲು ಈ ಸೊಪ್ಪಿಗೆ ಕೈ ಹಾಕು" ಎಂದು ಸಿಸ್ಟರ್ ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಹೀಗೇ ಹೆಂಗಸರ ಸಂಘವಿತ್ತು. ಮರದ ಪೆಟ್ಟಿಗೆಯೊಳಗೆ ಮಾತೆ ಮರಿಯಮ್ಮನವರ ಪುಟ್ಟ ಪ್ರತಿಮೆ. ವಾರಕ್ಕೊಂದು ಮನೆಯಲ್ಲಿ ಅದು ಇರುತ್ತಿತ್ತು. ಬುಧವಾರ ಎಲ್ಲರೂ ಆ ಮನೆಗೆ ಬಂದು ಜಪಸರ ಹೇಳಿ, ಪೆಟ್ಟಿಗೆಯನ್ನು ಮುಂದಿನ ಮನೆಗೆ ಒಯ್ಯುತ್ತಿದ್ದರು. ಜಪ ಹೇಳುವ ಕ್ರಮ ನಿನಗೆ ಗೊತ್ತೇ ಇದೆ. 'ನಮೋ ಮರಿಯಾ' ಎಂಬ ಮೊದಲರ್ಧ ಒಬ್ಬಳದು, 'ಸಂತ ಮರಿಯಾ' ಎಂಬ ಉಳಿದರ್ಧ ಎಲ್ಲರದು. ಆ ಊರಿನಲ್ಲಿ ಮೊದಲರ್ಧವನ್ನು ಮನೆಯೊಡತಿಯೇ ಹೇಳಬೇಕು. ಅವಳು ಹೇಳದೆ ಜಪವಿಲ್ಲ, ಜಪವಾಗದೆ ಪೆಟ್ಟಿಗೆ ಹೊಸಿಲು ದಾಟುವಂತಿಲ್ಲ. ಈ ನಿಯಮ ಯಾರು ಮಾಡಿದರೋ! ಚರ್ಚಿನ ಗುರುಗಳನ್ನು ಕೇಳಿದ್ದರೆ ನಕ್ಕುಬಿಡುತ್ತಿದ್ದರು. ಅವರನ್ನು ಯಾರೂ ಕೇಳಲಿಲ್ಲ.

ಪೆಟ್ಟಿಗೆ ಒಬ್ಬ ದರ್ಜಿ ಹೆಂಗಸಿನ ಮನೆಗೆ ಬಂತು. ಆಕೆಯ ಹೆಸರು ಜಸಿಂತಾ. ಗಂಡ ಮೊದಲೇ ತೀರಿಹೋಗಿದ್ದ, ಇದ್ದವಳು ಒಬ್ಬಳೇ ಮಗಳು. ಆ ವಾರ ಹುಡುಗಿಗೆ ಜ್ವರ ಬಂತು. ತಾಯಿ ಪೆಟ್ಟಿಗೆಯ ಮುಂದೆ ಮೊಣಕಾಲೂರಿ ಬೇಡಿದಳು. ಹುಡುಗಿ ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಜಸಿಂತಾ ಪೆಟ್ಟಿಗೆಯ ಬಾಗಿಲು ಮುಚ್ಚಿ ಅದನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟಳು. ಬುಧವಾರ ಸಂಘದವರು ಬಂದರು. "ನನ್ನ ಬಾಯಲ್ಲಿ ಆ ಹೆಸರು ಬರಲ್ಲ. ಮನೇಲೇ ಇದ್ದು ನೋಡ್ಕೊಂಡು ಸುಮ್ಮನಿದ್ಲಲ್ಲ" ಎಂದು ಜಸಿಂತಾ ಒಳಗೆ ಹೋಗಿ ಮಲಗಿಬಿಟ್ಟಳು.

ಸಂಘದವರಿಗೆ ದಿಕ್ಕು ತೋಚಲಿಲ್ಲ. ಜಪವಿಲ್ಲದೆ ಪೆಟ್ಟಿಗೆ ಒಯ್ಯುವಂತಿಲ್ಲ; ಪೆಟ್ಟಿಗೆ ಇರುವ ಮನೆಗೆ ಬುಧವಾರ ಬಾರದೆ ಇರುವಂತೆಯೂ ಇಲ್ಲ. ಹಾಗಾಗಿ ವಾರ ವಾರವೂ ಅಲ್ಲಿಗೇ ಬಂದರು. ಜಗಲಿಯ ಮೇಲೆ ಸುಮ್ಮನೆ ಕೂತು ಎದ್ದು ಹೋಗುವುದು ಎಷ್ಟು ದಿನ? ಹೊಲಿಗೆ ಮಿಷನ್ನಿನ ಪಕ್ಕ ಗಿರಾಕಿಗಳ ರವಿಕೆಗಳು ಅರ್ಧಂಬರ್ಧವಾಗಿ ಬಿದ್ದಿದ್ದವು. ಒಬ್ಬಳು ಹೆಮ್ಮಿಂಗ್ ಮಾಡಿದಳು, ಇನ್ನೊಬ್ಬಳು ಹುಕ್ ಹಾಕಿದಳು. ಮತ್ತೊಬ್ಬಳು ಸಾರು ಮಾಡಿಟ್ಟು ಹೋದಳು. ಕೆಲಸವೋ ದೇವರಿಗೇ ಪ್ರೀತಿ. ಹುಕ್ಕು ಒಂದು ಕಡೆ, ಅದು ಸಿಕ್ಕಿಕೊಳ್ಳುವ ದಾರದ ಕುಣಿಕೆ ಇನ್ನೊಂದು ಕಡೆ.

ಒಂದು ಬುಧವಾರ ಜಸಿಂತಾ ಎದ್ದು ಬಂದು ಒಂದು ರವಿಕೆಯನ್ನು ಎತ್ತಿ ಹಿಡಿದಳು. "ಇದನ್ನ ಮನುಷ್ಯರು ತೊಟ್ಕೋಬೇಕಾ, ಬೆದರುಗೊಂಬೆಗೆ ತೊಡಿಸ್ಬೇಕಾ?" ಎಂದಳು. ಆಕೆ ಅವರ ನಡುವೆ ಕುಳಿತು ಅವರ ಹೊಲಿಗೆಯನ್ನೆಲ್ಲ ಬಿಚ್ಚತೊಡಗಿದಳು. ಆಮೇಲಿನ ಬುಧವಾರಗಳಲ್ಲಿ ಬೈದಳು, ಕಲಿಸಿದಳು, ಅವರು ತಂದ ಸಾರಿಗೆ ಉಪ್ಪು ಸಾಲದೆಂದಳು. ಜಪ ಮಾತ್ರ ಇಲ್ಲ. ಪೆಟ್ಟಿಗೆ ಗೋಡೆ ನೋಡಿಕೊಂಡೇ ಇತ್ತು.

ಮುಂದಿನ ಸರದಿ ರಾಯಮ್ಮಜ್ಜಿಯ ಮನೆಯದು. ಅಜ್ಜಿಗೆ ಪಾರ್ಶ್ವವಾಯು ಬಡಿದು ಮಾತು ನಿಂತುಹೋಗಿತ್ತು. ಸಾಯುವ ಮೊದಲು ಪೆಟ್ಟಿಗೆ ಮನೆಗೆ ಬರಬೇಕು, ತನ್ನ ಮನೆಯಲ್ಲಿ ಜಪವಾಗಬೇಕು ಎಂಬುದೊಂದೇ ಆಸೆ. ಹಾಸಿಗೆಯಿಂದ ಬಾಗಿಲನ್ನೇ ನೋಡುತ್ತಿದ್ದಳು. ಸಂಘದ ಹಿರಿಯಳು ಇದನ್ನು ಜಸಿಂತಾಳಿಗೆ ತಿಳಿಸಿದಳು.

"ತಗೊಂಡು ಹೋಗಿ. ಯಾರು ಬೇಡ ಅಂದ್ರು?" ಎಂದಳು ಜಸಿಂತಾ.

"ಜಪ ಆಗ್ದೆ ಹೆಂಗಮ್ಮಾ ತಗೊಂಡು ಹೋಗೋದು?"

ಜಸಿಂತಾಳಿಗೆ ರೇಗಿತು. "ಸಾಯೋ ಮುದುಕಿಗಿಂತ ನಿಮಗೆ ನಿಯಮ ಹೆಚ್ಚಾ?" ಎಂದು ತಾನೇ ಪೆಟ್ಟಿಗೆಯನ್ನು ಸೊಂಟದ ಮೇಲೆ ಎತ್ತಿಕೊಂಡು ಬೀದಿಗಿಳಿದಳು. ಉಳಿದವರು ಹಿಂದೆ ಓಡಿದರು.

ಅಜ್ಜಿಯ ತಲೆದೆಸೆಯಲ್ಲಿ ಪೆಟ್ಟಿಗೆ ಇಟ್ಟು ಬಾಗಿಲು ತೆರೆದರು. ಅಜ್ಜಿ ಜಪಸರ ಹಿಡಿದಳು. ಈಗ ಮನೆಯೊಡತಿ ಅವಳು, ಮೊದಲರ್ಧ ಅವಳದು. ತುಟಿ ಅಲುಗಿತು, ದನಿ ಬರಲಿಲ್ಲ. ಮತ್ತೆ ಪ್ರಯತ್ನಪಟ್ಟಳು. ಸಂಘದವರು ಅಭ್ಯಾಸಬಲದಿಂದ ಕಾಯುತ್ತ ಕುಳಿತೇ ಇದ್ದರು. ಅಜ್ಜಿಯ ಕಣ್ಣಲ್ಲಿ ನೀರು ತುಂಬಿತು.

ಜಸಿಂತಾ ಬಾಗಿಲ ಬಳಿ ನಿಂತಿದ್ದಳು. ಹೊರಟುಹೋಗಬಹುದಿತ್ತು. ಆಕೆಗೆ ನೋಡಲಾಗಲಿಲ್ಲ. ಬಂದು ಹಾಸಿಗೆಯ ಪಕ್ಕ ಕುಳಿತು, ಅಜ್ಜಿಯ ತುಟಿ ಅಲುಗುವುದನ್ನೇ ನೋಡುತ್ತ, "ನಮೋ ಮರಿಯಾ" ಎಂದಳು. ಉಳಿದರ್ಧವನ್ನು ಎಲ್ಲರೂ ಹೇಳಿದರು. ತುಟಿ ಮತ್ತೆ ಅಲುಗಿದಾಗ ಆಕೆ ಮತ್ತೆ ಹೇಳಿದಳು. ಪೆಟ್ಟಿಗೆಯ ಕಡೆ ಒಮ್ಮೆಯೂ ನೋಡಲಿಲ್ಲ. ಹಾಗೆಯೇ ಜಪಸರ ಮುಗಿಯಿತು. ಅಜ್ಜಿ ಜಸಿಂತಾಳ ಕೈಯನ್ನು ಬಿಡಲಿಲ್ಲ.

ಹೊರಗೆ ಬಂದ ಮೇಲೆ ಜಸಿಂತಾ ಹಿರಿಯಳಿಗೆ ಹೇಳಿದಳು: "ನಾನು ಜಪ ಮಾಡ್ದೆ ಅಂತ ತಿಳ್ಕೋಬೇಡಿ. ಜಪ ಅಜ್ಜೀದು, ನನ್ನದು ಬರೀ ಬಾಯಿ."

"ಆಗ್ಲಮ್ಮಾ. ನಾಳೆ ಬರ್ತಾ ಸೂಜಿ ದಾರ ತಗೊಂಡು ಬಾ, ಅಜ್ಜಿಯ ಹಾಸಿಗೆಯ ಹೊಲಿಗೆ ಬಿಚ್ಚಿಕೊಂಡಿದೆ" ಎಂದಳು ಹಿರಿಯಳು.

ಜಸಿಂತಾ ಮರುದಿನವೂ ಹೋದಳು, ಅದರ ಮರುದಿನವೂ. ಅಜ್ಜಿ ಕಣ್ಣು ಮುಚ್ಚುವವರೆಗೆ ಅಲ್ಲಿ ಮೊದಲರ್ಧ ಹೇಳಿದವಳು ಅವಳೇ.

ಸಿಸ್ಟರ್ ಮಾತು ನಿಲ್ಲಿಸಿ ಸೊಪ್ಪಿನ ಕಡ್ಡಿಗಳನ್ನು ಒಂದು ಬದಿಗೆ ತಳ್ಳಿದರು. ಲೂರ್ದು ತಲೆಯೆತ್ತಿದಳು.

"ಕಡೆಗೆ ಆಕೆಗೆ ನಂಬಿಕೆ ಮರಳಿ ಬಂತೇ ಸಿಸ್ಟರಮ್ಮ?"

"ಸಂಘದಲ್ಲಿ ಅದನ್ನು ಆಕೆಯನ್ನು ಯಾರೂ ಕೇಳಲಿಲ್ಲ ಮಗಳೇ, ನಿನ್ನನ್ನೂ ಯಾರೂ ಕೇಳಿಲ್ಲ."

ಲೂರ್ದು ಉಳಿದ ಸೊಪ್ಪನ್ನು ತನ್ನ ಕಡೆಗೆ ಎಳೆದುಕೊಂಡಳು.