ಅಪ್ಪನ ಮಚ್ಚೆ

"ಗುರುಗಳೇ, ನಾನು ಕ್ಷಮೆ ಕೇಳಿಬಿಡಲೇ?" ಎಂದು ಶಿಷ್ಯ ಕೇಳಿದ.

ಅವನ ಊರಿನ ಕ್ಷೌರದಂಗಡಿಯಲ್ಲಿ ಅವನ ಕೇರಿಯವರ ತಲೆಗೆ ಕತ್ತರಿ ಹಾಕುತ್ತಿರಲಿಲ್ಲ. ಅವನಜ್ಜನ ಕಾಲದಿಂದಲೂ ಹಾಗೇ. ಅದನ್ನು ಇವನು ಊರ ಮುಂದೆ ಬಾಯಿಬಿಟ್ಟು ಹೇಳಿದ್ದ.

"ಚೆನ್ನಾಗಿದ್ದ ಊರನ್ನು ಒಡೆದವನು ನೀನು ಅನ್ನುತ್ತಾರೆ. ತಪ್ಪಾಯಿತು ಅಂದರೆ ಎಲ್ಲ ಮೊದಲಿನಂತಾಗುತ್ತದಂತೆ. ನನಗೂ ಮಗ ಇದ್ದಾನೆ, ಊರಲ್ಲಿ ಬಾಳಬೇಕು."

ಗುರುಗಳ ಮುಖ ಬಿಗಿಯಿತು. ಕತೆ ಹೇಳಿದರು.

ಅಣ್ಣತಮ್ಮಂದಿರಿಬ್ಬರಿಗೆ ಅಪ್ಪ ಬಿಟ್ಟುಹೋದ ಹಳೆಯ ಕಾರೊಂದಿತ್ತು. ಅಂಥ ಕಾರು ಆ ಸೀಮೆಯಲ್ಲೇ ಇನ್ನೊಂದಿರಲಿಲ್ಲ. ಆಯುಧಪೂಜೆ ಬಂತೆಂದರೆ ಅಣ್ಣ ಅದಕ್ಕೆ ಕೊಡಗಟ್ಟಲೆ ನೀರು ಸುರಿಯುತ್ತಿದ್ದ. ಅರಿಸಿನ ಕುಂಕುಮ ಬಳಿದು ಸೇವಂತಿಗೆ ಹಾರ ಹಾಕುತ್ತಿದ್ದ. ಬಾಗಿಲ ಕೆಳಗೆ, ಹತ್ತುವಾಗ ಕಾಲಿಡುವ ಟೊಳ್ಳು ಮೆಟ್ಟಿಲಿನ ಮೇಲೆ, ಒಂದು ಕಡೆ ಬಣ್ಣ ಗುಳ್ಳೆ ಎದ್ದಿತ್ತು. ಅಪ್ಪನ ಕೆನ್ನೆಯಲ್ಲೂ ಅಂಥದೊಂದು ಮಚ್ಚೆ ಇತ್ತಂತೆ. ಮನೆಯವರೆಲ್ಲ ಆ ಗುಳ್ಳೆಗೆ 'ಅಪ್ಪನ ಮಚ್ಚೆ' ಎನ್ನುತ್ತಿದ್ದರು. ಅಣ್ಣ ಪ್ರತಿ ವರ್ಷ ಅದರ ಮೇಲೆ ಕುಂಕುಮದ ಬೊಟ್ಟು ಇಡುತ್ತಿದ್ದ.

ಅಣ್ಣನ ಮಗಳಿಗೆ ಮದುವೆ ಗೊತ್ತಾಯಿತು. ಹುಡುಗಿ ಅಜ್ಜನ ಕಾರಿನಲ್ಲೇ ಹೋಗಬೇಕು ಎಂದಾಯಿತು. ಮನೆಯಲ್ಲೇ ಸರಿಮಾಡುತ್ತೇನೆಂದು ತಮ್ಮ ಅಂಗಳದಲ್ಲಿ ಕೂತ. ಮಚ್ಚೆಯ ಮೇಲೆ ತಂತಿ ಬ್ರಷ್ ಎಳೆದ. ಬಣ್ಣ ಹಪ್ಪಳದಂತೆ ಎದ್ದುಬಂತು. ಅಡಿಯಲ್ಲಿ ತಗಡೇ ಇರಲಿಲ್ಲ, ಕೆಂಪು ಪುಡಿ ಇತ್ತು. ತೂತಿನೊಳಗೆ ಬೆರಳು ಹಾಕಿದ. ಕೊಳೆತ ಹೂವಿನ ಎಸಳು ಬಂತು, ಕುಂಕುಮದ ಕೆಸರು ಬಂತು. ನೀರು ಇಳಿದುಹೋಗಲೆಂದು ಕಾರು ಮಾಡಿದವರು ಅಡಿಯಲ್ಲಿ ಕಿಂಡಿ ಬಿಟ್ಟಿದ್ದರು. ಪೂಜೆ ಆ ಕಿಂಡಿಗಳನ್ನೇ ಮುಚ್ಚಿಹಾಕಿತ್ತು. ಒಳಗೆ ನಿಂತ ನೀರು ತಗಡನ್ನು ತಿಂದಿತ್ತು.

ತಮ್ಮನಿಗೆ ಮೈಯೆಲ್ಲ ಉರಿಯಿತು. ಕೈಮುಗಿದು ಮುಗಿದೇ ಕೊಳೆಸಿದ್ದಾರಲ್ಲ ಅನ್ನಿಸಿತು.

ಅಣ್ಣ ಬಂದು ನೋಡಿದ. "ಮಚ್ಚೆ ಇದ್ದ ಕಡೆ ತೂತು ಮಾಡಿದೆಯಲ್ಲೋ."

"ತೂತು ಮಾಡಿದ್ದು ತುಕ್ಕು, ಅಣ್ಣ. ನಾನು ಬಣ್ಣ ತೆಗೆದೆ, ಅಷ್ಟೆ. ಗಟ್ಟಿ ತಗಡು ಸಿಗುವ ತನಕ ಕತ್ತರಿಸಬೇಕು. ಆಮೇಲೆ ಹೊಸ ತಗಡು ಬೆಸೆಯಬೇಕು."

"ಅಪ್ಪ ಓಡಿಸಿದ ಕಾರಿಗೆ ಕತ್ತರಿ ಹಾಕುತ್ತಾನಂತೆ. ಹುಟ್ಟಾ ಕಮ್ಮಾರ ನೋಡು ಇವನು. ನೀನು ಮುಟ್ಟುವ ತನಕ ಚೆನ್ನಾಗೇ ಇತ್ತು. ಸುಮ್ಮನೆ ತೂತು ಮುಚ್ಚುವಂತೆ ಪುಟ್ಟಿ ಮೆತ್ತಿ ಬಣ್ಣ ಹೊಡೆ. ಮದುವೆ ಮನೆಯಲ್ಲಿ ರಗಳೆ ಬೇಡ."

ತಮ್ಮನ ನಾಲಗೆಯ ತುದಿಗೆ ಮಾತು ಬಂದಿತ್ತು. ನುಂಗಿಕೊಂಡ. ಮನೆಯ ನೆಮ್ಮದಿ ದೊಡ್ಡದು ಅಂದುಕೊಂಡು ಕತ್ತರಿ ಎತ್ತಿಟ್ಟ. ತೂತು ಎಷ್ಟು ದೊಡ್ಡದೆಂದು ಬಲ್ಲವನು ಅವನೊಬ್ಬನೇ. ಆದರೂ ತನ್ನ ಕೈಯಿಂದಲೇ ಪುಟ್ಟಿ ಮೆತ್ತಿದ, ಉಜ್ಜಿ ನಯಮಾಡಿದ, ಬಣ್ಣ ಹೊಡೆದ. ಕಾರು ಕನ್ನಡಿಯಂತೆ ಹೊಳೆಯಿತು. ಬೀದಿಯವರು ಬಂದು ಹೊಗಳಿದರು. ಅಣ್ಣ ಅದೇ ಜಾಗಕ್ಕೆ ಮತ್ತೆ ಕುಂಕುಮ ಇಟ್ಟ.

ಮದುವೆಯ ದಿನ ಹಿರಿಯರು, "ಬಲಗಾಲಿಟ್ಟು ಹತ್ತಮ್ಮ" ಎಂದರು. ಹುಡುಗಿ ಬಲಗಾಲನ್ನೇ ಇಟ್ಟಳು. ಮೈಭಾರವೆಲ್ಲ ಅದರ ಮೇಲೆ ಬಿತ್ತು. ಪುಟ್ಟಿ ಒಡೆದು ಕಾಲು ಒಳಗೆ ಹೋಯಿತು. ತುಕ್ಕು ತಿಂದ ತಗಡಿನ ಅಂಚು ಗರಗಸದಂತೆ ಮೀನಖಂಡವನ್ನು ಕುಯ್ದಿತು. ಆ ಹುಡುಗಿ ಇವತ್ತಿಗೂ ಕುಂಟುತ್ತಾಳೆ.

ಅಣ್ಣ ಇವತ್ತಿಗೂ ಹೇಳುತ್ತಾನೆ, ಇವನು ಕೆರೆಯದೆ ಹೋಗಿದ್ದರೆ ಅದು ಇನ್ನೂ ನಾಲ್ಕು ಕಾಲ ಬಾಳುತ್ತಿತ್ತು ಅಂತ. ತಮ್ಮ ಎದುರಾಡುವುದಿಲ್ಲ. ಅಣ್ಣನ ಮಾತು ಸುಳ್ಳೆಂದು ಅವನಿಗೆ ಗೊತ್ತು. ಆ ಪುಟ್ಟಿ ಮೆತ್ತಿದ ಕೈ ತನ್ನದೆಂದೂ ಗೊತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಮೆಲ್ಲಗೆ ಕೇಳಿದ, "ಹಾಗಾದರೆ ಕ್ಷಮೆ ಕೇಳಬಾರದೇ?"

"ಕೇಳು, ಊರ ಮುಂದೆ ಕೇಳಿ ಮುಗಿದ ಮೇಲೆ ಮನೆಗೆ ಹೋಗಿ ನಿನ್ನ ಮಗನ ಮುಂದೆಯೂ ಕೇಳು, ನಾಳೆ ಆ ಅಂಗಡಿಯ ಬಾಗಿಲಲ್ಲಿ ನಿಲ್ಲುವ ತಲೆ ಅವನದು."